ಪರದೆ ಮೇಲಿನ ಕಾರು ಓಡಿಸುವುದು ಮಿದುಳೋ, ದವಡೆಯೋ?

ಈ ಸಲದ ಪತ್ರಗಳ ಕಟ್ಟು ಬಿಚ್ಚಿದರೆ ಏಳು ಪತ್ರ ಒಂದೇ ವಿಷಯದವು. ನ್ಯೂರೋಫೀಡ್‌ಬ್ಯಾಕ್. ಮಿದುಳಿನ ಅಲೆಗಳನ್ನು ಪರದೆಯಲ್ಲಿ ತೋರಿಸಿ, ಅವನ್ನು ತಿದ್ದಿಕೊಳ್ಳಲು ಕಲಿಸುವ ತರಬೇತಿ ಅದು. ಕೆಲವರು ಅದನ್ನು ‘ಬ್ರೈನ್ ಟ್ರೇನಿಂಗ್’ ಅಂತ ಬರೆದಿದ್ದಾರೆ, ಒಬ್ಬರು ‘ತಲೆಗೆ ವೈರ್ ಹಚ್ಚೋದು’ ಅಂತ. ನನಗೆ ಕೊನೆಯ ಹೆಸರೇ ಇಷ್ಟವಾಯಿತು. ತಲೆನೋವು, ತಲೆಸುತ್ತಿನ ಬಗ್ಗೆ ಬರೆದವರು ಮುಂದಿನ ತಿಂಗಳವರೆಗೆ ಸ್ವಲ್ಪ ತಡೆದುಕೊಳ್ಳಿ.

ಹೊಸ ಓದುಗರಿಗೆ ಒಂದು ಮಾತು. ನಾನು ಡಾಕ್ಟರ್ ಅಲ್ಲ. ದಾವಣಗೆರೆಯ ಒಂದು ಆಸ್ಪತ್ರೆಯ ಇಇಜಿ ಕೋಣೆಯಲ್ಲಿ 27 ವರ್ಷ ಟೆಕ್ನಿಷಿಯನ್ ಆಗಿದ್ದೆ. ಮಿದುಳಿನ ಅಲೆಗಳನ್ನು ಬರೆದುಕೊಳ್ಳುವ ಪರೀಕ್ಷೆ ಅದು. ಮೊದಮೊದಲು ಶಾಯಿ ಪೆನ್ನುಗಳು ಉದ್ದನೆ ಕಾಗದದ ಮೇಲೆ ಗೆರೆ ಎಳೆಯುತ್ತಿದ್ದವು. ಸಂಜೆ ಮನೆಗೆ ಹೋದರೆ ಸೀರೆ ತುಂಬ ಶಾಯಿ ಚುಕ್ಕಿ. ಕೊನೆಯ ಐದು ವರ್ಷ ಸೈಕಾಲಜಿಸ್ಟ್ ಒಬ್ಬರ ಕೈಕೆಳಗೆ ನ್ಯೂರೋಫೀಡ್‌ಬ್ಯಾಕ್ ಮೆಷಿನ್ನನ್ನೂ ನಡೆಸಿದೆ. ಮಾತ್ರೆಯ ಮಾತು ಬಂದರೆ ಡಾಕ್ಟರ ಕಡೆ ಕೈ ತೋರಿಸುತ್ತೇನೆ. ವೈರು, ಅಂಟು, ಕೂದಲು, ಗೆರೆ, ಇವನ್ನು ನನಗೆ ಬಿಡಿ.

ಪ್ರಶ್ನೆ: ಮೇಡಂ, ನನ್ನ ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸು. ಐದು ನಿಮಿಷ ಒಂದು ಕಡೆ ಕೂರುವುದಿಲ್ಲ. ಹೋಂವರ್ಕ್ ಮುಗಿಸುವಷ್ಟರಲ್ಲಿ ರಾತ್ರಿ ಹತ್ತಾಗುತ್ತದೆ. ಮನೋವೈದ್ಯರು ಎಡಿಎಚ್‌ಡಿ (ಗಮನ ನಿಲ್ಲದೆ ಚಂಚಲವಾಗಿರುವ ತೊಂದರೆ) ಎಂದು ಹೇಳಿ ಮಾತ್ರೆ ಬರೆದುಕೊಟ್ಟಿದ್ದಾರೆ. ಈಗ ಒಂದು ಸೆಂಟರ್‌ನವರು ಮಾತ್ರೆ ಬಿಡಿಸಿ, ನ್ಯೂರೋಫೀಡ್‌ಬ್ಯಾಕ್ 40 ಸಿಟ್ಟಿಂಗ್ ಮಾಡಿಸಿ, ಗ್ಯಾರಂಟಿ ಸರಿಹೋಗುತ್ತಾನೆ ಅಂತಾರೆ. 60 ಸಾವಿರ ರೂಪಾಯಿ, ಪೂರ್ತಿ ಮೊದಲೇ ಕಟ್ಟಬೇಕಂತೆ. ನಮ್ಮ ಅತ್ತೆ ಅದು ಶಾಕ್ ಟ್ರೀಟ್‌ಮೆಂಟು ಅಂತ ಅಳುತ್ತಿದ್ದಾರೆ. ಏನು ಮಾಡಲಿ?
– ಒಬ್ಬ ತಾಯಿ, ವಿದ್ಯಾನಗರ, ದಾವಣಗೆರೆ

ಉತ್ತರ: ಮೊದಲು ಅತ್ತೆಯವರ ಕಣ್ಣೊರೆಸಿ. ಈ ವೈರಿನಲ್ಲಿ ತಲೆಯೊಳಗೆ ಏನೂ ಹೋಗುವುದಿಲ್ಲ. ಡಾಕ್ಟರು ಎದೆ ಮೇಲೆ ಸ್ಟೆತಸ್ಕೋಪ್ ಇಟ್ಟಾಗ ಎದೆಯ ಸದ್ದು ಅವರ ಕಿವಿಗೆ ಬರುತ್ತದೆಯೇ ಹೊರತು ಅವರ ಕಿವಿಯಿಂದ ಏನೂ ಒಳಗೆ ಹೋಗುವುದಿಲ್ಲ, ಅಲ್ವಾ? ಇದೂ ಹಾಗೇ. ಮಿದುಳಿನ ಕೋಶಗಳು ಗುಂಪಾಗಿ ಕೆಲಸ ಮಾಡುವಾಗ ಒಂದಿಷ್ಟು ವಿದ್ಯುತ್ತು ಹುಟ್ಟುತ್ತದೆ. ತಲೆಬುರುಡೆ ದಾಟಿ ಚರ್ಮದ ಮೇಲೆ ಬರುವಷ್ಟರಲ್ಲಿ ಅದು 10ರಿಂದ 100 ಮೈಕ್ರೋವೋಲ್ಟ್ ಉಳಿದಿರುತ್ತದೆ. ಟಾರ್ಚಿನ ಒಂದು ಸೆಲ್ ಒಂದೂವರೆ ವೋಲ್ಟ್. 50 ಮೈಕ್ರೋವೋಲ್ಟಿನ ಅಲೆಯ ಪಕ್ಕದಲ್ಲಿಟ್ಟರೆ ಸೆಲ್ಲು 30 ಸಾವಿರ ಪಟ್ಟು ಜಾಸ್ತಿ.

ಅಷ್ಟು ಸಣ್ಣದನ್ನು ಹಿಡಿಯಲು ನಾವು ಪಟ್ಟ ಪಾಡು ಬೇರೆ. ಕೋಣೆಯ ಅರ್ಥಿಂಗ್ ಕೆಟ್ಟರೆ ಮಿದುಳಿನ ಗೆರೆ ಬದಲು ಗೋಡೆಯ ಕರೆಂಟಿನ 50 ಹರ್ಟ್ಜ್ ಗುಂಯ್ ಬಂದು ಕೂರುತ್ತಿತ್ತು. ಫ್ಯಾನ್ ಗಾಳಿಗೆ ವೈರ್ ಅಲ್ಲಾಡಿದರೂ ಗೆರೆ ಕುಣಿಯುತ್ತಿತ್ತು. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಫ್ಯಾನ್ ಆರಿಸಿ ಕೆಲಸ ಮಾಡಿದ್ದೇನೆ. ಎಲ್ಲಕ್ಕಿಂತ ದೊಡ್ಡ ಶತ್ರು ಕೊಬ್ಬರಿ ಎಣ್ಣೆ. ಆಸ್ಪತ್ರೆಗೆ ಹೋಗುವುದು ಅಂತ ನಮ್ಮ ಅಮ್ಮಂದಿರು ಮಗುವಿನ ತಲೆಗೆ ಎಣ್ಣೆ ಹಚ್ಚಿ, ನೀಟಾಗಿ ಬೈತಲೆ ತೆಗೆದು ಕರೆತರುತ್ತಾರೆ. ಎಣ್ಣೆ ಮೇಲೆ ಅಂಟು ನಿಲ್ಲುವುದಿಲ್ಲ. ನೀವು ಯಾವ ಕಾರಣಕ್ಕೆ ಇಇಜಿಗೆ ಹೋದರೂ ಹಿಂದಿನ ದಿನ ತಲೆಗೆ ಸ್ನಾನ ಮಾಡಿಸಿ, ಎಣ್ಣೆ ಹಚ್ಚಬೇಡಿ.

ಈಗ ತರಬೇತಿ ಹೇಗೆ ನಡೆಯುತ್ತದೆ ಕೇಳಿ. ಮಿದುಳಿನ ಅಲೆಗಳನ್ನು ವೇಗದ ಮೇಲೆ ವಿಂಗಡಿಸುತ್ತಾರೆ. ಸೆಕೆಂಡಿಗೆ 4 ಅಲೆಗಿಂತ ಕಡಿಮೆಯಾದರೆ ಡೆಲ್ಟಾ, ಗಾಢ ನಿದ್ದೆಯದು. 4ರಿಂದ 8 ತೀಟಾ, ತೂಕಡಿಕೆಯದು. 8ರಿಂದ 13 ಆಲ್ಫಾ, ಕಣ್ಣು ಮುಚ್ಚಿ ಆರಾಮಾಗಿ ಕೂತಾಗ ತಲೆಯ ಹಿಂಭಾಗದಲ್ಲಿ ಎದ್ದು ಕಾಣುತ್ತದೆ. ಜರ್ಮನಿಯ ಹಾನ್ಸ್ ಬರ್ಗರ್ ಎಂಬ ಮನೋವೈದ್ಯರು 1924ರಲ್ಲಿ ಮೊದಲ ಸಲ ಮನುಷ್ಯರ ತಲೆಯಿಂದ ಅಲೆಗಳನ್ನು ಬರೆದುಕೊಂಡರು. ಐದು ವರ್ಷ ಅದನ್ನು ಪ್ರಕಟಿಸಲಿಲ್ಲ. 13ರಿಂದ 30ರವರೆಗಿನದು ಬೀಟಾ, ಎಚ್ಚರವಾಗಿ ಏನೋ ಮಾಡುತ್ತಿರುವಾಗಿನದು. ಎಡಿಎಚ್‌ಡಿ ಇರುವ ಕೆಲವು ಮಕ್ಕಳಲ್ಲಿ ತೀಟಾ ಜಾಸ್ತಿ, ಬೀಟಾ ಕಡಿಮೆ ಕಾಣುತ್ತದೆ. ಕೆಲವರಲ್ಲಿ ಅಂದೆ, ಎಲ್ಲರಲ್ಲೂ ಅಲ್ಲ. ಅದಕ್ಕೇ ಬಣ್ಣಬಣ್ಣದ ‘ಬ್ರೈನ್ ಮ್ಯಾಪ್’ ತೋರಿಸಿ ನಿಮ್ಮ ಮಗನಿಗೆ ಇಂಥದ್ದೇ ಇದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ಕೆಂಪು ಹಳದಿ ಚಿತ್ರ ನೋಡಲು ಚೆಂದ. ರೋಗ ಹೇಳಲು ಅದು ಸಾಲದು.

ಮಗುವನ್ನು ಕುರ್ಚಿಯಲ್ಲಿ ಕೂರಿಸಿ ನೆತ್ತಿಗೆ ಒಂದು, ಕಿವಿಗಳಿಗೆ ಒಂದೊಂದು ವೈರ್ ಹಚ್ಚುತ್ತೇವೆ. ಮುಂದೆ ಪರದೆ. ಪರದೆಯಲ್ಲಿ ಒಂದು ಕಾರು. ತೀಟಾ ಇಳಿದು ಬೀಟಾ ಏರಿದ ಕೂಡಲೇ ಕಾರು ಓಡುತ್ತದೆ. ಮಗುವಿನ ಮನಸ್ಸು ಕಿಟಕಿ ಆಚೆ ಹೋಯಿತೋ, ಕಾರು ರೈಲ್ವೆ ಗೇಟ್ ಮುಂದೆ ನಿಂತ ಹಾಗೆ ನಿಂತುಬಿಡುತ್ತದೆ. ಕೈಯಲ್ಲಿ ಬಟನ್ ಇಲ್ಲ, ಏನಿಲ್ಲ. ಎಲ್ಲ ಮಕ್ಕಳೂ ಒಂದೇ ಪ್ರಶ್ನೆ ಕೇಳುತ್ತಿದ್ದವು: ‘ಹೇಗೆ ಓಡಿಸಬೇಕು ಆಂಟಿ?’ ನಾನು ಹೇಳುತ್ತಿದ್ದೆ: ‘ನನಗೂ ಗೊತ್ತಿಲ್ಲ ಕಣೋ. ಓಡಿದಾಗ ನೀನು ಹೇಗಿದ್ದೆ ನೋಡ್ಕೋ, ಹಾಗೇ ಇರು.’

ಇದು ತಮಾಷೆಯಲ್ಲ, ಕಲಿಕೆ ನಡೆಯುವುದೇ ಹೀಗೆ. ಬೆಣ್ಣೆ ದೋಸೆ ಹೋಟೆಲಿನಲ್ಲಿ ಭಟ್ಟರನ್ನು ನೋಡಿದ್ದೀರಲ್ಲ. ಕಾವಲಿಗೆ ನೀರು ಚಿಮುಕಿಸುತ್ತಾರೆ. ಚುಂಯ್ ಅನ್ನುವ ಸದ್ದಿನಲ್ಲೇ ಕಾವು ಎಷ್ಟಿದೆ ಗೊತ್ತಾಗುತ್ತದೆ, ಕಟ್ಟಿಗೆ ಹಿಂದೆ ಮುಂದೆ ಮಾಡುತ್ತಾರೆ. ಅದನ್ನು ಅವರಿಗೆ ಯಾರೂ ಪುಸ್ತಕದಲ್ಲಿ ಹೇಳಿಕೊಟ್ಟಿಲ್ಲ. ಸದ್ದು ತಕ್ಷಣ ಬಂತು, ಕೈ ಕಲಿಯಿತು. ಚುಂಯ್ ಹತ್ತು ನಿಮಿಷ ಬಿಟ್ಟು ಕೇಳಿಸಿದ್ದರೆ ಈ ಜನ್ಮದಲ್ಲಿ ದೋಸೆ ಏಳುತ್ತಿರಲಿಲ್ಲ. ನ್ಯೂರೋಫೀಡ್‌ಬ್ಯಾಕ್‌ನಲ್ಲೂ ಕಾರು ಸೆಕೆಂಡಿನೊಳಗೆ ಓಡಬೇಕು, ನಿಲ್ಲಬೇಕು. ವಾರಕ್ಕೆ ಎರಡು ಮೂರು ಸಲ, ಒಂದೊಂದು ಸಲಕ್ಕೆ ಅರ್ಧ ಮುಕ್ಕಾಲು ಗಂಟೆ, ಒಟ್ಟು 20ರಿಂದ 40 ಸಿಟ್ಟಿಂಗ್ ಅನ್ನುವುದು ಸಾಮಾನ್ಯ ಲೆಕ್ಕ. ಕೆಲವು ಮಕ್ಕಳಿಗೆ ಆ ದಿನ ತಲೆನೋವು, ಸುಸ್ತು, ಸಿಡುಕು ಬರಬಹುದು. ಅದಕ್ಕಿಂತ ದೊಡ್ಡ ಅಪಾಯ ನಾನು ಕಂಡಿಲ್ಲ.

ಹಾಗಾದರೆ ಕೆಲಸ ಮಾಡುತ್ತದಾ? ಇಲ್ಲೇ ನಿಮ್ಮ 60 ಸಾವಿರ ಸಿಕ್ಕಿಕೊಂಡಿರುವುದು.

1976ರಲ್ಲಿ ಅಮೆರಿಕದ ಜೋಯೆಲ್ ಲೂಬರ್ ಎಂಬುವರು ಒಂದು ಚಂಚಲ ಮಗುವಿನ ಮೇಲೆ ಇದನ್ನು ಪ್ರಯೋಗಿಸಿ ಬರೆದರು. ಆಮೇಲೆ ಹಲವು ಅಧ್ಯಯನಗಳಲ್ಲಿ ಅಪ್ಪ ಅಮ್ಮಂದಿರು ‘ಮಗು ಸುಧಾರಿಸಿದೆ’ ಎಂದರು. ಆದರೆ ಅಪ್ಪ ಅಮ್ಮನಿಗೆ ಮಗು ತರಬೇತಿಗೆ ಹೋಗುತ್ತಿದೆ ಅಂತ ಗೊತ್ತಿತ್ತಲ್ಲ! ದುಡ್ಡು ಕೊಟ್ಟು, ಬಿಸಿಲಲ್ಲಿ ಓಡಾಡಿ, ಕೊನೆಗೆ ‘ಏನೂ ಆಗಿಲ್ಲ’ ಅನ್ನಲು ಯಾರ ಬಾಯಿ ಬರುತ್ತದೆ? ಅದಕ್ಕೆ ಅಮೆರಿಕದಲ್ಲಿ ಇನ್ನೊಂದು ಅಧ್ಯಯನ ಮಾಡಿದರು. ಫಲಿತಾಂಶ 2021ರಲ್ಲಿ ಬಂತು. 7ರಿಂದ 10 ವರ್ಷದ 140ಕ್ಕೂ ಹೆಚ್ಚು ಮಕ್ಕಳು, 38 ಸಿಟ್ಟಿಂಗ್. ಕೆಲವರಿಗೆ ನಿಜವಾದ ತರಬೇತಿ. ಉಳಿದವರಿಗೆ ಮೊದಲೇ ಬರೆದಿಟ್ಟ ಅಲೆಗಳಿಂದ ಆಟ ಓಡಿಸುವ ಹುಸಿ ತರಬೇತಿ. ಯಾರಿಗೆ ಯಾವುದು ಅಂತ ಮಕ್ಕಳಿಗೂ ಗೊತ್ತಿಲ್ಲ, ಮನೆಯವರಿಗೂ ಗೊತ್ತಿಲ್ಲ. ಏನಾಯಿತು ಗೊತ್ತಾ? ಎರಡೂ ಗುಂಪು ಸುಧಾರಿಸಿದವು. ಹೆಚ್ಚು ಕಡಿಮೆ ಒಂದೇ ಅಳತೆಗೆ. 13 ತಿಂಗಳ ನಂತರ ನೋಡಿದರೂ ನಿಜದ ಗುಂಪು ಮುಂದೆ ಹೋಗಿರಲಿಲ್ಲ. 2024ರ ಡಿಸೆಂಬರಿನಲ್ಲಿ ಜಾಮಾ ಸೈಕಿಯಾಟ್ರಿ ಎಂಬ ವೈದ್ಯಕೀಯ ಪತ್ರಿಕೆ 38 ಪ್ರಯೋಗಗಳನ್ನು, ಸುಮಾರು ಎರಡೂವರೆ ಸಾವಿರ ಜನರ ಲೆಕ್ಕವನ್ನು ಒಟ್ಟುಗೂಡಿಸಿ ಪ್ರಕಟಿಸಿತು. ಯಾರಿಗೆ ಏನು ಕೊಟ್ಟಿದೆ ಅಂತ ಗೊತ್ತಿಲ್ಲದವರು ಅಳೆದಾಗ ಒಟ್ಟು ಗುಂಪಿಗೆ ಗಣನೆಗೆ ಬರುವಂಥ ಲಾಭ ಕಾಣಲಿಲ್ಲ.

ಎರಡೂ ಗುಂಪು ಯಾಕೆ ಸುಧಾರಿಸಿದವು ಅನ್ನುವುದು ನನ್ನನ್ನು ತುಂಬ ದಿನ ಕಾಡಿತು. ಆಗ ನನ್ನ ಹತ್ತಿರ ಬರುತ್ತಿದ್ದ ಶಾಮನೂರು ಕಡೆಯ ಒಬ್ಬ ಹುಡುಗ ನೆನಪಾದ. ಅವರಪ್ಪ ಅಂಗಡಿ ಮುಚ್ಚಿ ವಾರಕ್ಕೆ ಎರಡು ಸಲ ಬೈಕಿನಲ್ಲಿ ಕರೆತರುತ್ತಿದ್ದರು. ಮುಗಿದ ಮೇಲೆ ಇಬ್ಬರೂ ಮಂಡಕ್ಕಿ ಮಿರ್ಚಿ ತಿಂದು ಮನೆಗೆ. 30 ಸಿಟ್ಟಿಂಗ್ ಆಗುವಷ್ಟರಲ್ಲಿ ಹುಡುಗ ನಿಜಕ್ಕೂ ತಣ್ಣಗಾಗಿದ್ದ. ಮೆಷಿನ್ನಿನ ಗೆರೆ ಮಾತ್ರ ಮೊದಲ ದಿನ ಎಲ್ಲಿತ್ತೋ ಅಲ್ಲೇ ಇತ್ತು. ‘ಏನು ಇಷ್ಟ ಆಯ್ತೋ ಇಲ್ಲಿ?’ ಅಂದೆ. ‘ಅಪ್ಪ ಇವತ್ತು ಫೋನ್ ನೋಡಲ್ಲ’ ಅಂದ. ನಾನು ಅದನ್ನು ಫೈಲಿನಲ್ಲಿ ಬರೆಯಲಿಲ್ಲ. ಬರೆಯಲು ಕಾಲಂ ಇರಲಿಲ್ಲ.

ಈಗ ನಿಮ್ಮ ಕೆಲಸ. ಮಾತ್ರೆ ನಿಲ್ಲಿಸಬೇಡಿ. ನಿಲ್ಲಿಸುವುದು, ಇಳಿಸುವುದು ಬರೆದುಕೊಟ್ಟ ಡಾಕ್ಟರ ಮಾತು, ಸೆಂಟರಿನದ್ದಲ್ಲ. ಹುಡುಗ ರಾತ್ರಿ ಬಾಯಿ ತೆರೆದು ಗೊರಕೆ ಹೊಡೆಯುತ್ತಾನಾ ನೋಡಿ. ಗಂಟಲಿನ ತೊಂದರೆಯಿಂದ ನಿದ್ದೆ ಕೆಟ್ಟ ಮಕ್ಕಳೂ ಹಗಲು ಹೀಗೇ ಕುಣಿಯುತ್ತವೆ. ಕಣ್ಣು, ಕಿವಿ ಒಮ್ಮೆ ತೋರಿಸಿ. ಓದಿನಲ್ಲೇ ತೊಡಕಿದೆಯಾ ಪರೀಕ್ಷೆ ಮಾಡಿಸಿ. ಟೀಚರಿಗೆ ಹೇಳಿ ಮುಂದಿನ ಬೆಂಚಿನಲ್ಲಿ ಕೂರಿಸಿ. ಹೋಂವರ್ಕನ್ನು ಹತ್ತತ್ತು ನಿಮಿಷದ ತುಂಡು ಮಾಡಿ, ನಡುವೆ ಓಡಲು ಬಿಡಿ. ತಂದೆ ತಾಯಿಗೆ ಕೊಡುವ ತರಬೇತಿ ಅಂತ ಒಂದಿದೆ. ಎಡಿಎಚ್‌ಡಿ ಮಕ್ಕಳ ವಿಷಯದಲ್ಲಿ ಅದಕ್ಕೆ ಒಳ್ಳೆಯ ಆಧಾರವಿದೆ. ನಿಮ್ಮ ಡಾಕ್ಟರನ್ನು ಅದರ ಬಗ್ಗೆ ಕೇಳಿ. ಇಷ್ಟೆಲ್ಲ ಆದಮೇಲೂ ಕೈಯಲ್ಲಿ ದುಡ್ಡು ಉಳಿದು, ಮನಸ್ಸಿದ್ದರೆ ಮಾತ್ರೆಯ ಜೊತೆಗೆ ಹತ್ತು ಸಿಟ್ಟಿಂಗ್ ಮಾಡಿಸಿ ನೋಡಬಹುದು, ನಾನು ತಡೆಯುವುದಿಲ್ಲ. ಆದರೆ ಒಟ್ಟಿಗೆ ಕಟ್ಟಬೇಡಿ. ‘ಗ್ಯಾರಂಟಿ’ ಅನ್ನುವ ಮಾತು ಮಿಕ್ಸಿಗೆ ಸರಿ.

ಇನ್ನು ಶಾಕ್ ಟ್ರೀಟ್‌ಮೆಂಟ್ ಬಗ್ಗೆ ಒಂದು ಸಾಲು, ಅತ್ತೆಯವರಿಗಾಗಿ. ಅದು ಬೇರೆಯೇ ಚಿಕಿತ್ಸೆ, ಅರಿವಳಿಕೆ ಕೊಟ್ಟು ಮಾಡುತ್ತಾರೆ, ಬೇಕಾದವರಿಗೆ ಜೀವ ಉಳಿಸಿದೆ. ಅದರ ಹೆಸರು ಕೇಳಿ ಅಳುವ ಕಾಲ ಹೋಯಿತು.

ಪ್ರಶ್ನೆ: ನಾನು ಶೇಂಗಾ ವ್ಯಾಪಾರಿ. ವಯಸ್ಸು 52. ರಾತ್ರಿ ಒಂದೂವರೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಮಗ ಆನ್‌ಲೈನಿನಲ್ಲಿ ಹಣೆಗೆ ಕಟ್ಟುವ ಪಟ್ಟಿ ತರಿಸಿದ್ದಾನೆ. ಮೊಬೈಲಿನಲ್ಲಿ ಮಳೆ ಸದ್ದು ಬರುತ್ತದೆ. ಮನಸ್ಸು ಶಾಂತವಾದರೆ ಹಕ್ಕಿ ಕೂಗುತ್ತದೆ. ಉಪಯೋಗ ಇದೆಯಾ ಮೇಡಂ?
– ಚಳ್ಳಕೆರೆಯ ಓದುಗರು

ಉತ್ತರ: ಅಣ್ಣಾ, ಚಳ್ಳಕೆರೆಯಲ್ಲಿ ರಾತ್ರಿ ಮಳೆ ಸದ್ದು ಕೇಳಿದರೆ ಯಾರಿಗೆ ನಿದ್ದೆ ಬರುತ್ತದೆ? ಶೇಂಗಾ ವ್ಯಾಪಾರಿ ಎದ್ದು ಅಂಗಳಕ್ಕೆ ಬರುತ್ತಾನೆ!

ಹಕ್ಕಿಯ ಹಿಂದೆ ಒಂದು ಕಥೆಯಿದೆ. 1950ರ ದಶಕದ ಕೊನೆಯಲ್ಲಿ ಷಿಕಾಗೋದಲ್ಲಿ ಜೋ ಕಾಮಿಯಾ ಎಂಬ ವಿಜ್ಞಾನಿ ಗಂಟೆ ಬಾರಿಸಿ, ‘ಈಗ ನಿಮ್ಮ ಮಿದುಳಲ್ಲಿ ಆಲ್ಫಾ ಇದೆಯೋ ಇಲ್ಲವೋ ಊಹಿಸಿ’ ಎಂದು ಜನರನ್ನು ಕೇಳುತ್ತಿದ್ದರು. ಉತ್ತರ ಸರಿಯೋ ತಪ್ಪೋ ಆಗಲೇ ಹೇಳಿಬಿಡುತ್ತಿದ್ದರು. ಕೆಲವರು ಕೆಲವೇ ದಿನಗಳಲ್ಲಿ ಚೆನ್ನಾಗಿ ಊಹಿಸಲು ಕಲಿತರು. ಆಲ್ಫಾದ ಹುಚ್ಚು ಹಿಡಿದದ್ದು ಆಮೇಲೆ. ನಿಮ್ಮ ಪಟ್ಟಿ ಅದರ ಮೊಮ್ಮಗ. ಆದರೆ ಅದು ಕೂರುವುದು ಹಣೆಯ ಮೇಲೆ. ಹುಬ್ಬು ಗಂಟಿಕ್ಕಿದರೂ, ಕಣ್ಣು ಮಿಟುಕಿಸಿದರೂ ಆ ಸ್ನಾಯು, ಕಣ್ಣುಗಳ ಕರೆಂಟು ಮಿದುಳಿನದ್ದಕ್ಕಿಂತ ಜೋರಾಗಿ ಬರುತ್ತದೆ. ಹಕ್ಕಿ ಕೂಗಿದ್ದು ಮನಸ್ಸು ಶಾಂತವಾಗಿದ್ದಕ್ಕೋ, ಹಣೆ ಸಡಿಲವಾಗಿದ್ದಕ್ಕೋ ಹೇಳುವುದು ಕಷ್ಟ.

ನಿದ್ದೆ ಬಾರದವರ ಮೇಲೂ ನಿಜ ಮತ್ತು ಹುಸಿ ತರಬೇತಿ ಹೋಲಿಸಿದ ಅಧ್ಯಯನ 2017ರಲ್ಲಿ ಆಸ್ಟ್ರಿಯಾದಿಂದ ಬಂತು. ನಿಜದ್ದು ಹುಸಿಗಿಂತ ಮೇಲಾಗಲಿಲ್ಲ. ಪಟ್ಟಿ ಈಗಾಗಲೇ ಮನೆಯಲ್ಲಿದೆ, ಸಂಜೆ ಹತ್ತು ನಿಮಿಷ ಸುಮ್ನೆ ಕೂರಲು ಅದೊಂದು ನೆಪವಾದರೆ ಆಗಲಿ. ರಾತ್ರಿ ಹಾಸಿಗೆಯಲ್ಲಿ ಮಾತ್ರ ಬೇಡ.

ನಿದ್ದೆಗೆ ಮೊದಲ ಮದ್ದು ಸಿಬಿಟಿ-ಐ ಎಂಬ ಮಾತಿನ ಚಿಕಿತ್ಸೆ. ಅದರ ತಿರುಳು ಇಷ್ಟು: ಎಷ್ಟೊತ್ತಿಗೆ ಮಲಗಿದರೂ ಏಳುವ ಹೊತ್ತು ಒಂದೇ ಇರಲಿ. ಮಧ್ಯಾಹ್ನ ಗದ್ದಿಗೆ ಮೇಲೆ ಒರಗಬೇಡಿ. ಎಚ್ಚರವಾಗಿ ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಹಾಸಿಗೆ ಬಿಟ್ಟು ಎದ್ದು, ಬೇರೆ ಕಡೆ ಮಂದ ಬೆಳಕಿನಲ್ಲಿ ಕೂರಿ. ಕಣ್ಣು ಎಳೆದಾಗ ಮತ್ತೆ ಬನ್ನಿ. ಸಂಜೆ ನಾಲ್ಕರ ಮೇಲೆ ಚಹಾ ಇಲ್ಲ. ಮೊದಲ ವಾರ ನನ್ನನ್ನು ಬೈದುಕೊಳ್ಳುತ್ತೀರಿ, ಪರವಾಗಿಲ್ಲ. ನಿಮ್ಮ ಮನೆಯವರನ್ನು ಒಂದು ಮಾತು ಕೇಳಿ: ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಾ ನಡುವೆ ಉಸಿರು ನಿಂತಂತೆ ಆಗುತ್ತದಾ? ಹೌದು ಅಂದರೆ ಪಟ್ಟಿ, ಚಹಾ ಎಲ್ಲ ಪಕ್ಕಕ್ಕಿಟ್ಟು ಡಾಕ್ಟರ ಹತ್ತಿರ ಹೋಗಿ.

ಪ್ರಶ್ನೆ: ಸೆಕೆಂಡ್ ಪಿಯು ಸೈನ್ಸ್. ನೀಟ್ ಕೋಚಿಂಗಿಗೂ ಹೋಗ್ತಿದ್ದೀನಿ. ನ್ಯೂರೋಫೀಡ್‌ಬ್ಯಾಕ್ ಮಾಡಿಸಿದರೆ ರ‍್ಯಾಂಕ್ ಬರುತ್ತಾ ಆಂಟಿ? ಫ್ರೆಂಡ್ಸ್ ಹೇಳ್ತಿದ್ದಾರೆ.
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ಇಲ್ಲ ಕಂದ. ಲಂಡನ್ನಿನಲ್ಲಿ ಕಣ್ಣಿನ ಆಪರೇಷನ್ ಕಲಿಯುತ್ತಿದ್ದ 20 ಡಾಕ್ಟರುಗಳ ಮೇಲೆ 2009ರಲ್ಲಿ ಒಂದು ಅಧ್ಯಯನ ಬಂದಿತ್ತು, ಕೈಚಳಕ ಸ್ವಲ್ಪ ಸುಧಾರಿಸಿತು ಅಂತ. ಅದನ್ನೇ ತೋರಿಸಿ ಎಲ್ಲ ಕಡೆ ಮಾರುತ್ತಾರೆ. ಇಪ್ಪತ್ತು ಜನ ಅಂದರೆ ನಿನ್ನ ಕೋಚಿಂಗ್ ಕ್ಲಾಸಿನ ಎರಡು ಬೆಂಚು. ರಾತ್ರಿ ಎಷ್ಟು ಗಂಟೆಗೆ ಮಲಗ್ತೀಯ ಅಂತ ನೀನು ಬರೆದಿಲ್ಲ. ಬರೆದಿದ್ದರೆ ಉತ್ತರ ಇನ್ನೂ ಚಿಕ್ಕದಾಗುತ್ತಿತ್ತು.

ಪ್ರಶ್ನೆ: ಅಕ್ಕಾ, ನನ್ನ ತಂಗಿಗೆ 22 ವರ್ಷ. ಎಂಟು ವರ್ಷದಿಂದ ಫಿಟ್ಸ್. ಮಾತ್ರೆ ತಗೊಂಡು ಎರಡು ವರ್ಷವಾಯಿತು, ಈಗ ಬಂದಿಲ್ಲ. ಗಂಡು ನೋಡುತ್ತಿದ್ದೇವೆ. ನ್ಯೂರೋಫೀಡ್‌ಬ್ಯಾಕ್ ಮೊದಲು ಫಿಟ್ಸಿಗೇ ಬಂದದ್ದು ಅಂತ ಓದಿದೆ. ಅದನ್ನು ಮಾಡಿಸಿ ಮದುವೆಗೆ ಮುಂಚೆ ಮಾತ್ರೆ ಬಿಡಿಸಬಹುದಾ?
– ಜಗಳೂರು ತಾಲ್ಲೂಕಿನಿಂದ

ಉತ್ತರ: ಬೇಡ. ದಯವಿಟ್ಟು ಬೇಡ. ಮಾತ್ರೆ ಒಮ್ಮೆಲೇ ಬಿಟ್ಟವರನ್ನು ಸ್ಟ್ರೆಚರಿನಲ್ಲಿ ನಮ್ಮ ಕೋಣೆಗೆ ತಂದದ್ದನ್ನು ಲೆಕ್ಕ ಇಡಲಾರದಷ್ಟು ಸಲ ನೋಡಿದ್ದೇನೆ. ಎರಡು ವರ್ಷ ಫಿಟ್ಸ್ ಬಂದಿಲ್ಲ ಅಂದರೆ ಮಾತ್ರೆ ಕೆಲಸ ಮಾಡುತ್ತಿದೆ. ಇಳಿಸಬಹುದಾ ಅನ್ನುವುದನ್ನು ನರರೋಗ ತಜ್ಞರು ನೋಡಿ, ಇಳಿಸುವುದಾದರೆ ತಿಂಗಳುಗಟ್ಟಲೆ ನಿಧಾನವಾಗಿ ಇಳಿಸುತ್ತಾರೆ. ಮದುವೆಯಾಗಿ ಮಕ್ಕಳ ಯೋಚನೆ ಇದ್ದರೆ ಅದನ್ನೂ ಈಗಲೇ ಹೇಳಿ. ಕೆಲವು ಮಾತ್ರೆಗಳನ್ನು ಬಸುರಿಗೆ ಮುಂಚೆಯೇ ಬದಲಿಸಬೇಕಾಗುತ್ತದೆ.

ನೀವು ಓದಿದ್ದು ಸುಳ್ಳಲ್ಲ. ಅದು ಬೆಕ್ಕುಗಳ ಕಥೆ, ನನಗೆ ಬಹಳ ಇಷ್ಟ. 1960ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಬ್ಯಾರಿ ಸ್ಟರ್ಮನ್ ಬೆಕ್ಕುಗಳ ನೆತ್ತಿಯ ಭಾಗದಲ್ಲಿ 12ರಿಂದ 15ರ ವೇಗದ ಒಂದು ಅಲೆ ಕಂಡರು. ಬೆಕ್ಕು ಅಲ್ಲಾಡದೆ, ಆದರೆ ಎಚ್ಚರವಾಗಿ ಕಾಯುವಾಗ ಬರುವ ಅಲೆ. ಇಲಿ ಬಿಲದ ಮುಂದೆ ಕೂತಿರುತ್ತದಲ್ಲ, ಹಾಗೆ. ಆ ಅಲೆ ಬಂದಾಗಲೆಲ್ಲ ಬಾಯಿಗೆ ಹಾಲು ಕೊಟ್ಟರು. ಬೆಕ್ಕು ಅಲೆ ಹೆಚ್ಚಿಸಲು ಕಲಿಯಿತು. ಆಮೇಲೆ ಬೇರೆ ಕೆಲಸಕ್ಕಾಗಿ, ರಾಕೆಟ್ ಇಂಧನದ ವಿಷ ಎಷ್ಟು ಅಪಾಯ ಅಂತ ನೋಡಲು, ಬೆಕ್ಕುಗಳಿಗೆ ಹೈಡ್ರಜೀನ್ ಜಾತಿಯ ಒಂದು ರಾಸಾಯನಿಕ ಕೊಟ್ಟರು. ಅದು ಫಿಟ್ಸ್ ಬರಿಸುತ್ತದೆ. ಮೊದಲು ತರಬೇತಿ ಪಡೆದಿದ್ದ ಬೆಕ್ಕುಗಳಿಗೆ ಫಿಟ್ಸ್ ತಡವಾಗಿ ಬಂತು, ಕೆಲವಕ್ಕೆ ಬರಲೇ ಇಲ್ಲ. 1972ರಲ್ಲಿ ಫಿಟ್ಸ್ ಇದ್ದ 23 ವರ್ಷದ ಯುವತಿಯೊಬ್ಬಳ ಮೇಲೆ ಅದೇ ತರಬೇತಿ ಮಾಡಿದ ವರದಿ ಬಂತು. ನಿಮ್ಮ ತಂಗಿಗಿಂತ ಒಂದೇ ವರ್ಷ ದೊಡ್ಡವಳು. ಅಂದಿನಿಂದ ಮಾತ್ರೆಗೂ ಬಗ್ಗದ ಫಿಟ್ಸ್ ಇರುವವರಲ್ಲಿ ಮಾತ್ರೆಯ ಜೊತೆಗೆ ಇದನ್ನು ಮಾಡಿದ ಸಣ್ಣ ಸಣ್ಣ ಅಧ್ಯಯನಗಳಿವೆ, ಕೆಲವರಿಗೆ ಫಿಟ್ಸ್ ಕಡಿಮೆಯಾಗಿದೆ. ಮಾತ್ರೆಯ ಬದಲಿಗೆ ಅಂತ ಯಾರೂ ತೋರಿಸಿಲ್ಲ. ನಿಮ್ಮ ತಂಗಿಗೆ ಮಾತ್ರೆ ಹಿಡಿದಿದೆ. ಅವಳಿಗೆ ಇದರ ಅಗತ್ಯವೇ ಇಲ್ಲ.

ಪತ್ರದ ಕೊನೆಯಲ್ಲಿ ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡುತ್ತೇವೆ ಅಂತ ಬರೆದಿದ್ದೀರಿ. ಬಿಟ್ಟುಬಿಡಿ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ತಲೆ ಕೆಳಗೆ ಮೆತ್ತಗಿನದು ಇಡಿ, ಬಾಯಿಗೆ ಏನೂ ತುರುಕಬೇಡಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಆಂಬುಲೆನ್ಸಿಗೆ ಫೋನ್ ಮಾಡಿ. ಗಂಡಿನ ಕಡೆಯವರಿಗೆ ಮೊದಲೇ ಹೇಳುವುದು ಒಳ್ಳೆಯದು. ಮಾತ್ರೆ ಮುಚ್ಚಿಟ್ಟುಕೊಂಡು ಸಂಸಾರ ಮಾಡಿ, ಹಬ್ಬದ ಮನೆಯಲ್ಲಿ ಮಾತ್ರೆ ತಪ್ಪಿಸಿಕೊಂಡು ಬಿದ್ದ ಹೆಣ್ಣುಮಕ್ಕಳನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ನಾಲ್ಕು ವರ್ಷದ ಮಗು, ಆಟಿಸಂ ಅಂದಿದ್ದಾರೆ, ಇನ್ನೂ ಮಾತು ಬಂದಿಲ್ಲ. ನ್ಯೂರೋಫೀಡ್‌ಬ್ಯಾಕ್ ಮಾಡಿಸಿದರೆ ಮಾತು ಬರುತ್ತಾ?
– ಹೊಳಲ್ಕೆರೆ

ಉತ್ತರ: ಅದಕ್ಕೆ ಆಧಾರವಿಲ್ಲ. ಆ ದುಡ್ಡು, ಆ ಓಡಾಟ ಎರಡನ್ನೂ ಸ್ಪೀಚ್ ಥೆರಪಿಗೆ ಕೊಡಿ. ಕಿವಿ ಪರೀಕ್ಷೆ ಆಗಿಲ್ಲದಿದ್ದರೆ ಮೊದಲು ಅದು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇಂಥ ಮಕ್ಕಳನ್ನೂ ನೋಡುತ್ತದೆ, ಒಮ್ಮೆ ಹೋಗಿ ಬನ್ನಿ. ತಡ ಮಾಡಬೇಡಿ.

ಪ್ರಶ್ನೆ: ಎಂಟು ತಿಂಗಳ ಹಿಂದೆ ಹೈವೇಯಲ್ಲಿ ಅಣ್ಣನ ಬೈಕ್ ಅಪಘಾತವಾಗಿ ತಲೆಗೆ ಪೆಟ್ಟಾಯಿತು. ಆಪರೇಷನ್ ಆಯಿತು. ನಡೆಯುತ್ತಾನೆ, ಮಾತಾಡುತ್ತಾನೆ. ಆದರೆ ಹೇಳಿದ್ದು ಮರೆಯುತ್ತಾನೆ, ಎರಡು ಕೆಲಸ ಒಟ್ಟಿಗೆ ಮಾಡಲಾಗುವುದಿಲ್ಲ, ಸಿಟ್ಟು ಜಾಸ್ತಿ. ಬೆಂಗಳೂರಿನಲ್ಲಿ ನ್ಯೂರೋಫೀಡ್‌ಬ್ಯಾಕ್ ಇದೆಯಂತೆ, ಕರೆದುಕೊಂಡು ಹೋಗಲೇ?
– ತಂಗಿ, ಹಿರಿಯೂರು

ಉತ್ತರ: ಕರೆದುಕೊಂಡು ಹೋಗಮ್ಮ. ಆದರೆ ‘ನ್ಯೂರೋಫೀಡ್‌ಬ್ಯಾಕ್ ಮಾಡಿ’ ಅಂತ ಕೇಳಬೇಡ, ‘ಕಾಗ್ನಿಟಿವ್ ರಿಹ್ಯಾಬಿಲಿಟೇಷನ್’ ಅಂತ ಕೇಳು. ಪೆಟ್ಟು ಬಿದ್ದ ಮಿದುಳಿಗೆ ಗಮನ, ನೆನಪು, ಯೋಜನೆ ಇವನ್ನು ಮತ್ತೆ ಮೆಟ್ಟಿಲು ಮೆಟ್ಟಿಲಾಗಿ ಕಲಿಸುವ ಕೆಲಸ ಅದು. ನಿಮ್ಹಾನ್ಸ್‌ನಲ್ಲಿ ತಲೆಗೆ ಪೆಟ್ಟಾದವರ ಮೇಲೆ ನ್ಯೂರೋಫೀಡ್‌ಬ್ಯಾಕ್ ಅಧ್ಯಯನಗಳು ನಡೆದಿವೆ. ಗಮನ, ನೆನಪು ಸುಧಾರಿಸಿದ ವರದಿಗಳಿವೆ. ಜನ ಕಡಿಮೆ, ಹಾಗಾಗಿ ಅದೇ ಕೊನೆಯ ಮಾತಲ್ಲ. ಬೇಕು ಅನ್ನಿಸಿದರೆ ಅವರೇ ಸೇರಿಸುತ್ತಾರೆ. ಪೆಟ್ಟಾದ ಮೊದಲ ತಿಂಗಳುಗಳಲ್ಲಿ ಮಿದುಳು ತಾನಾಗಿಯೂ ಚೇತರಿಸಿಕೊಳ್ಳುತ್ತಿರುತ್ತದೆ, ಆ ಪುಣ್ಯವನ್ನು ಮೆಷಿನ್ನಿಗೆ ಕಟ್ಟುವವರೂ ಇದ್ದಾರೆ.

ಅಲ್ಲಿವರೆಗೆ ಮನೆಯಲ್ಲಿ: ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಜೇಬಿನಲ್ಲಿ ಚೀಟಿ, ಫೋನಿನಲ್ಲಿ ಅಲಾರಂ. ಟಿವಿ ಹಾಕಿಕೊಂಡು ಮಾತಾಡಿಸಬೇಡಿ. ಸಿಟ್ಟು ಅವನ ಗುಣವಲ್ಲ, ಪೆಟ್ಟಿನದು ಅಂತ ಮನೆಯ ಹಿರಿಯರಿಗೂ ತಿಳಿಸಿ. ನಿಮಗೇ ತಾಳ್ಮೆ ಕೆಟ್ಟ ದಿನ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಸರ್ಕಾರದ ಉಚಿತ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ಎಂ.ಎಸ್ಸಿ. ಸೈಕಾಲಜಿ ಮುಗಿಸಿದ್ದೇನೆ. ಚಿತ್ರದುರ್ಗದಲ್ಲಿ ನ್ಯೂರೋಫೀಡ್‌ಬ್ಯಾಕ್ ಸೆಂಟರ್ ತೆರೆಯುವ ಆಸೆ. ಕಂಪನಿಯವರು ಮೆಷಿನ್ ಜೊತೆ ಎರಡು ದಿನದ ಟ್ರೇನಿಂಗ್ ಕೊಡುತ್ತಾರೆ. ಸಾಕಾ ಮೇಡಂ?
– ಚಿತ್ರದುರ್ಗದ ಯುವತಿ

ಉತ್ತರ: ಎರಡು ದಿನದಲ್ಲಿ ವೈರ್ ಹಚ್ಚಲು ಬರುತ್ತದೆ. ಗೆರೆ ಓದಲು ಬರುವುದಿಲ್ಲ.

ನಮ್ಮ ಆಸ್ಪತ್ರೆಗೆ ಮೆಷಿನ್ ಬಂದ ಮೊದಲ ವಾರ ನಾನೇ ಕುರ್ಚಿಯಲ್ಲಿ ಕೂತೆ. ಬೀಟಾ ಏರಿಸಬೇಕಿತ್ತು. ಪರದೆಯಲ್ಲಿ ಒಂದು ಹಸಿರು ಕಡ್ಡಿ. ಸೈಕಾಲಜಿಸ್ಟ್ ಕೂತಾಗ ಅರ್ಧಕ್ಕೆ ಬಂದಿತ್ತು. ನಾನು ಕೂತ ಮೂರೇ ನಿಮಿಷಕ್ಕೆ ಕಡ್ಡಿ ತುದಿ ಮುಟ್ಟಿತು. ಕಾರು ಓಡಿದ್ದೇ ಓಡಿದ್ದು. ಎಷ್ಟು ವರ್ಷದ ಏಕಾಗ್ರತೆ ಇದು ಅಂತ ಒಳಗೊಳಗೇ ಉಬ್ಬಿದೆ, ಮನೆಗೆ ಬಂದು ಯಜಮಾನರಿಗೂ ಹೇಳಿದೆ. ಮೂರನೇ ದಿನ ಮೆಷಿನ್ ಜೋಡಿಸಲು ಬಂದಿದ್ದ ಹುಡುಗ ಹಿಂದೆ ನಿಂತು ನೋಡಿ, ‘ಮೇಡಂ, ಹಲ್ಲು ಕಚ್ಚಿದ್ದೀರಿ’ ಅಂದ. ದವಡೆ ಬಿಗಿ ಮಾಡಿದರೆ ಅಲ್ಲಿನ ಸ್ನಾಯುವಿನ ಕರೆಂಟು ಬೀಟಾದ ವೇಗದಲ್ಲೇ ಬಂದು ಸೇರುತ್ತದೆ. ಮೆಷಿನ್ನಿಗೆ ಭೇದ ತಿಳಿಯುವುದಿಲ್ಲ. ನಾನು ಮೂರು ದಿನ ತರಬೇತಿ ಕೊಟ್ಟದ್ದು ನನ್ನ ದವಡೆಗೆ. ಅದಕ್ಕೆ ಮುಂಚೆ 22 ವರ್ಷ ಬಂದವರಿಗೆಲ್ಲ ‘ಹಲ್ಲು ಸಡಿಲ ಬಿಡಿ, ಗೆರೆ ಕೆಡುತ್ತೆ’ ಅಂತ ಹೇಳಿದವಳು ನಾನೇ!

ದೊಡ್ಡವಳಿಗೇ ಹೀಗಾದರೆ ಬಹುಮಾನದ ಆಸೆಗೆ ಕೂತ ಮಗು ಏನು ಮಾಡೀತು? ಅದು ಕಾರು ಓಡುವ ದಾರಿ ಹುಡುಕುತ್ತದೆ. ಹಲ್ಲು ಕಚ್ಚುವುದು ಎಲ್ಲಕ್ಕಿಂತ ಸುಲಭದ ದಾರಿ. ಅದನ್ನು ಹಿಡಿಯಲು ಪಕ್ಕದಲ್ಲಿ ಮೆಷಿನ್ ವಿಂಗಡಿಸದ ಹಸಿ ಇಇಜಿ ಗೆರೆ ಕಾಣುತ್ತಿರಬೇಕು, ಅದನ್ನು ಓದುವ ಕಣ್ಣು ಇರಬೇಕು. ಒಳ್ಳೆಯ ಯಂತ್ರಗಳಲ್ಲಿ ಸ್ನಾಯುವಿನ ಕರೆಂಟು ಜಾಸ್ತಿಯಾದರೆ ಬಹುಮಾನ ತಡೆಯುವ ಏರ್ಪಾಡು ಇರುತ್ತದೆ. ಇದೆಯಾ ಅಂತ ಕಂಪನಿಯವರನ್ನು ಕೇಳಿ. ಉತ್ತರ ಕೊಡಲು ತಡವರಿಸಿದರೆ ಮೆಷಿನ್ ಕೊಳ್ಳಬೇಡಿ. ಮೊದಲು ಯಾವುದಾದರೂ ಆಸ್ಪತ್ರೆಯ ಇಇಜಿ ಕೋಣೆಯಲ್ಲಿ ಆರು ತಿಂಗಳು ಕೂತು ಗೆರೆ ನೋಡಿ. ಸಂಬಳ ಸಿಗದಿದ್ದರೂ ಕೂರಿ.

ಇನ್ನು ಬೋರ್ಡ್ ವಿಷಯ. ‘ಕ್ಲಿನಿಕಲ್ ಸೈಕಾಲಜಿಸ್ಟ್’ ಅಂತ ಬರೆಸಬೇಕಾದರೆ ಎಂ.ಎಸ್ಸಿ. ಸಾಲದು. ಅದಕ್ಕೆ ಮೇಲಿನ ಓದು, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಒಬ್ಬ ಮನೋವೈದ್ಯರ ಜೊತೆ ಸೇರಿ ಕೆಲಸ ಮಾಡಿ, ಯಾರಿಗೆ ಬೇಡ ಅನ್ನುವುದನ್ನು ಅವರು ಹೇಳುತ್ತಾರೆ. ಫೀಸನ್ನು ಸಿಟ್ಟಿಂಗ್ ಲೆಕ್ಕದಲ್ಲಿ ತಗೊಳ್ಳಿ. ಹತ್ತು ಸಿಟ್ಟಿಂಗ್ ಆದಮೇಲೆ ಪರದೆ ನೋಡಬೇಡಿ, ಮಗುವಿನ ಟೀಚರಿಗೆ ಫೋನ್ ಮಾಡಿ ಕೇಳಿ. ಏನೂ ಬದಲಾಗಿಲ್ಲ ಅಂದರೆ ಅಲ್ಲಿಗೇ ನಿಲ್ಲಿಸಿ. ಹೀಗೆ ಮಾಡಿದರೆ ಚಿತ್ರದುರ್ಗದಲ್ಲಿ ನಿಮ್ಮ ಬಾಡಿಗೆ ಹುಟ್ಟುತ್ತದಾ? ಗೊತ್ತಿಲ್ಲಮ್ಮ. ಕೌನ್ಸೆಲಿಂಗ್, ತಂದೆ ತಾಯಿಯರ ತರಬೇತಿ ಇವನ್ನೂ ಇಟ್ಟುಕೊಂಡರೆ ಹುಟ್ಟಬಹುದು. ಮೆಷಿನ್ ಒಂದನ್ನೇ ನಂಬಿ ಸಾಲ ಮಾಡಬೇಡಿ.

ಡೆಮೋ ಕೊಡಲು ಕಂಪನಿಯವರು ಬಂದಾಗ ಮೊದಲು ನಿಮ್ಮ ತಲೆಗೇ ಹಚ್ಚಿಸಿಕೊಳ್ಳಿ. ಎಣ್ಣೆ ಹಾಕಿರಬೇಡಿ. ಒಂದು ನಿಮಿಷ ಸುಮ್ನೆ ಕೂರಿ, ಆಮೇಲೆ ಅವರಿಗೆ ಹೇಳದೆ ಹಲ್ಲು ಕಚ್ಚಿ. ಕಡ್ಡಿ ಎಲ್ಲಿಯವರೆಗೆ ಹೋಯಿತು, ಅವರು ಏನಂದರು, ನನಗೆ ಬರೆದು ತಿಳಿಸಿ.